ಮನೆ ಪಕ್ಕದ ದೊಡ್ಡ ಮರ: ಕಡಿಸಬೇಕಾ, ಬಿಡಬೇಕಾ?

ಪ್ರಶ್ನೆ: ಗೋಡೆಯಿಂದ ಹತ್ತಡಿ ದೂರದಲ್ಲಿ ದೊಡ್ಡ ಮರ ಇದೆ. ಮನೆ ಕಟ್ಟುವ ಮೊದಲೇ ಇದ್ದದ್ದು. ಈ ಬೇಸಿಗೆಯಲ್ಲಿ ಕಿಟಕಿ ಮೂಲೆಯಿಂದ ಓರೆಯಾಗಿ ಬಿರುಕು ಬಿಟ್ಟಿದೆ. ಬೇರು ಪಾಯಕ್ಕೆ ನುಗ್ಗಿದೆ, ಕೂಡಲೇ ಕಡಿಸಿ ಅಂತ ಎಲ್ಲರೂ ಹೇಳುತ್ತಿದ್ದಾರೆ. ಸಿವಿಲ್ ಎಂಜಿನಿಯರ್ ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ.

ಉತ್ತರ (ಸಿವಿಲ್ ಎಂಜಿನಿಯರ್): ಕೊಡಲಿ ಹಾಕಿಸುವ ಮೊದಲು ಮಣ್ಣು ನೋಡಿ. ಗಟ್ಟಿಯಾಗಿರುವ ಪಾಯವನ್ನು ಬೇರು ಸೀಳಿಕೊಂಡು ಹೋಗುವುದು ಬಹಳ ಅಪರೂಪ. ನೀರು, ಗಾಳಿ ಮೇಲ್ಮಣ್ಣಲ್ಲೇ ಜಾಸ್ತಿ ಸಿಗುವುದರಿಂದ ಹೆಚ್ಚಿನ ಬೇರುಗಳು ಮೇಲಿನ ಎರಡು ಮೂರು ಅಡಿಯಲ್ಲೇ ಹರಡಿರುತ್ತವೆ.

ನಿಜವಾದ ತೊಂದರೆ ಇರುವುದು ಜೇಡಿಮಣ್ಣು, ಎರೆಮಣ್ಣಿನಲ್ಲಿ. ಬೇಸಿಗೆಯಲ್ಲಿ ಮರ ನೀರು ಹೀರಿದಂತೆ ಆ ಮಣ್ಣು ಕುಗ್ಗುತ್ತದೆ. ಮರದ ಕಡೆಯ ಪಾಯ ಸ್ವಲ್ಪ ಕೂರುತ್ತದೆ, ಉಳಿದದ್ದು ಹಾಗೇ ನಿಲ್ಲುತ್ತದೆ. ಆಗ ಗೋಡೆ ಕಿಟಕಿ ಬಾಗಿಲಿನ ಮೂಲೆಯಿಂದ ಓರೆಯಾಗಿ ಸೀಳುತ್ತದೆ. ಮಳೆ ಬಿದ್ದಾಗ ಮಣ್ಣು ಉಬ್ಬಿ ಬಿರುಕು ಸ್ವಲ್ಪ ಮುಚ್ಚಿಕೊಳ್ಳುತ್ತದೆ. ಮರಳು ಮಣ್ಣು, ಗಟ್ಟಿ ಗರಸು ನೆಲ ಆಗಿದ್ದರೆ ಬಿರುಕಿಗೆ ಬೇರೆ ಕಾರಣ ಹುಡುಕಬೇಕು.

ಬಿರುಕಿನ ಎರಡೂ ಬದಿಗೆ ಪೆನ್ಸಿಲ್‌ನಲ್ಲಿ ಒಂದೊಂದು ಗೆರೆ ಎಳೆಯಿರಿ, ಪಕ್ಕದಲ್ಲೇ ತಾರೀಕು ಬರೆಯಿರಿ. ತಿಂಗಳಿಗೊಮ್ಮೆ ನಡುವಿನ ಅಂತರ ಅಳೆದು ಅಲ್ಲೇ ಗುರುತು ಹಾಕಿ. ಕೂದಲೆಳೆಯಷ್ಟೇ ಇದ್ದು ಹಾಗೇ ನಿಂತರೆ ಅದು ಬರೀ ಪ್ಲಾಸ್ಟರ್ ಬಿರುಕು ಇರಬಹುದು. 5 ಮಿಲಿಮೀಟರ್ ದಾಟಿದರೆ, ಗೋಡೆಯ ಒಳಗೂ ಹೊರಗೂ ಕಂಡರೆ, ಬಾಗಿಲು ಹಿಡಿಯಲು ಶುರುವಾದರೆ ತಡ ಮಾಡದೆ ಸ್ಟ್ರಕ್ಚರಲ್ ಎಂಜಿನಿಯರ್‌ಗೆ ತೋರಿಸಿ.

ಪ್ರಶ್ನೆ ಕೇಳಿದವರು: ನಮ್ಮದು ಎರೆಮಣ್ಣೇ. ಹಾಗಾದರೆ ಕಡಿಸಿಬಿಡುವುದೇ ಒಳ್ಳೆಯದಲ್ವಾ?

ಉತ್ತರ: ಮರ ಮನೆಗಿಂತ ಹಳೆಯದು ಅಂದಿರಿ, ನನಗೆ ಚಿಂತೆ ಇರುವುದು ಅಲ್ಲೇ. ಮರ ಒಣಗಿಸಿಟ್ಟ ನೆಲದ ಮೇಲೆ ಮನೆ ಎದ್ದಿದೆ. ಮರ ಹೋದರೆ ಆ ನೆಲಕ್ಕೆ ಮತ್ತೆ ನೀರು ಸೇರಿ ವರ್ಷಗಟ್ಟಲೆ ಉಬ್ಬುತ್ತಾ ಹೋಗಬಹುದು. ನೆಲಹಾಸು ಎದ್ದು, ಗೋಡೆ ಹೊಸ ಕಡೆ ಬಿರಿಯಬಹುದು. ಇದನ್ನು ಸರಿಪಡಿಸುವುದು ಮಣ್ಣು ಕುಗ್ಗಿದ್ದಕ್ಕಿಂತ ಕಷ್ಟ. ಪಾಯ ಎಷ್ಟು ಆಳ ಇದೆ, ಅದರ ಕೆಳಗೆ ಮಣ್ಣು ಎಂಥದ್ದು ಅಂತ ಪರೀಕ್ಷೆ ಆಗುವವರೆಗೆ ಮರ ಮುಟ್ಟಬೇಡಿ.

ಇನ್ನೊಬ್ಬ ಸದಸ್ಯರು: ನಮಗೆ ಗಾಳಿಮಳೆಯದೇ ಭಯ. ತಲೆ ಬೋಳಿಸಿದರೆ ಸಾಕಾ?

ಉತ್ತರ: ದಯವಿಟ್ಟು ಬೋಳಿಸಬೇಡಿ. ಕಡಿದ ಜಾಗದಲ್ಲಿ ಒತ್ತೊತ್ತಾಗಿ ಬರುವ ಚಿಗುರು ಹೊರಪದರಕ್ಕೆ ಅಂಟಿಕೊಂಡಿರುತ್ತದೆ ಅಷ್ಟೇ. ದಪ್ಪ ಆದಮೇಲೆ ಅವೇ ಮುರಿದು ಬೀಳುತ್ತವೆ, ಕಡಿದ ಗಾಯದಲ್ಲಿ ಕೊಳೆಯೂ ಸೇರುತ್ತದೆ.

ಮೊದಲು ಬುಡ ನೋಡಿ. ಅಲ್ಲಿ ಅಣಬೆ ಎದ್ದಿದ್ದರೆ ಒಳಗೆ ಕೊಳೆತಿರುವ ಸಾಧ್ಯತೆ ಇದೆ. ಹಿಂದೆ ಪೈಪಿಗೋ ಕಾಂಪೌಂಡಿಗೋ ಕಾಲುವೆ ತೋಡಿ ಒಂದು ಕಡೆಯ ದಪ್ಪ ಬೇರು ಕಡಿದಿದ್ದರೆ ಆ ಮರಕ್ಕೆ ಹಿಡಿತ ಕಮ್ಮಿ. ಮರ ಹೊಸದಾಗಿ ವಾಲಿ, ಎದುರು ಬದಿಯ ಮಣ್ಣು ಬಿರುಕು ಬಿಟ್ಟು ಮೇಲೆದ್ದಿದ್ದರೆ ಮರ ವಾಲಿದ ಕಡೆಯ ಕೋಣೆಗಳಲ್ಲಿ ಅವತ್ತು ರಾತ್ರಿಯೂ ಮಲಗಬೇಡಿ. ಕೊಂಬೆ ವಿದ್ಯುತ್ ತಂತಿಗೆ ತಾಗುತ್ತಿದ್ದರೆ ನೀವಾಗಿ ಕೈ ಹಾಕಬೇಡಿ, ವಿದ್ಯುತ್ ಇಲಾಖೆಯವರನ್ನೇ ಕರೆಯಿರಿ.

ಮತ್ತೊಬ್ಬರು: ಒಳಚರಂಡಿ ಪೈಪಿನಲ್ಲಿ ಬೇರು ತುಂಬಿಕೊಂಡಿದೆ.

ಉತ್ತರ: ಜಾಯಿಂಟ್ ಎಲ್ಲೋ ಸೋರುತ್ತಿದೆ, ಬೇರು ಆ ತೇವ ಹಿಡಿದು ಬಂದಿದೆ. ಬೇರು ಕತ್ತರಿಸಿದರೂ ಸೋರಿಕೆ ಇದ್ದರೆ ಮತ್ತೆ ಬರುತ್ತದೆ. ಪೈಪ್ ಸರಿಮಾಡಿಸಿ.

ಮತ್ತೊಬ್ಬರು: ಟೆರೇಸಿನ ಪ್ಯಾರಾಪೆಟ್ಟಿನಲ್ಲಿ ಗೇಣುದ್ದದ ಅರಳಿ ಸಸಿ ಇದೆ. ಚಿಕ್ಕದು, ಬಿಡಬಹುದಾ?

ಉತ್ತರ: ಇವತ್ತೇ ತೆಗೆಯಿರಿ. ಪಾಯದ ವಿಷಯದಲ್ಲಿ ಹೇಳಿದ ಸಮಾಧಾನ ಇಲ್ಲಿಗೆ ಅನ್ವಯಿಸುವುದಿಲ್ಲ. ಹಕ್ಕಿ ಹಿಕ್ಕೆಯಿಂದ ಬಂದ ಅರಳಿ, ಆಲ ಗಾರೆಯ ಸಂದಿಯಲ್ಲಿ ಬೇರು ಬಿಟ್ಟು, ದಪ್ಪ ಆಗುತ್ತಾ ಗೋಡೆಯನ್ನೇ ಬಿಡಿಸುತ್ತವೆ. ಸುಮ್ನೆ ಮೇಲೆ ಚಿವುಟಿದರೆ ಮತ್ತೆ ಚಿಗುರುತ್ತದೆ. ಬೇರು ಸಮೇತ ಕಿತ್ತು ಸಂದಿಯನ್ನು ಗಾರೆಯಿಂದ ಮುಚ್ಚಿ.

ಮತ್ತೊಬ್ಬರು: ಹೊಸದಾಗಿ ನೆಡುವುದಾದರೆ ಎಷ್ಟು ದೂರ?

ಉತ್ತರ: ಜೇಡಿ, ಎರೆಮಣ್ಣಾದರೆ ಮರ ಪೂರ್ತಿ ಬೆಳೆದಾಗ ಎಷ್ಟು ಎತ್ತರವೋ ಕನಿಷ್ಠ ಅಷ್ಟು ದೂರ ಇರಲಿ. ಜಾಗ ಇಲ್ಲದಿದ್ದರೆ ಚಿಕ್ಕ ಜಾತಿಯ ಮರ ನೆಡಿ.