ಪದಚರ್ಚೆ: ಕೋಇನ್ಸಿಡೆನ್ಸ್ ಅಂದರೆ ಕಾಕತಾಳೀಯವೇ?

ಗೆಳೆಯರೇ,

ಕಣಭೌತಶಾಸ್ತ್ರದ ಲ್ಯಾಬಿಗೆ ಹೊಸದಾಗಿ ಬರುವ ವಿದ್ಯಾರ್ಥಿಗಳಿಗಾಗಿ ಕನ್ನಡದಲ್ಲಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಡಿಟೆಕ್ಟರನ್ನು ಡಿಟೆಕ್ಟರ್ ಅಂತಲೇ ಬಿಟ್ಟಿದ್ದೇನೆ. ಟ್ರ್ಯಾಕ್‌ಗೆ 'ಜಾಡು' ಹೇಳಿ ಮಾಡಿಸಿದ ಹಾಗಿದೆ. ಟ್ರಿಗರ್‌ಗೆ ಬಂದೂಕಿನ 'ಕುದುರೆ' ಇದೆಯಲ್ಲ ಅನ್ನಬಹುದು, ಆದರೆ ಓದುವವರು ಲಾಯ ಹುಡುಕಿಕೊಂಡು ಹೊರಟಾರು! ನಾನು ಸಿಕ್ಕಿಹಾಕಿಕೊಂಡಿರುವುದು 'ಕೋಇನ್ಸಿಡೆನ್ಸ್' ಹತ್ತಿರ.

ನಿಘಂಟು ತೆಗೆದರೆ ಕಾಕತಾಳೀಯ, ಆಕಸ್ಮಿಕ ಅಂತ ಸಿಗುತ್ತದೆ. ಕಾಗೆ ಕೂತಿತು, ತಾಳೆಹಣ್ಣು ಬಿತ್ತು, ಒಂದಕ್ಕೊಂದು ಸಂಬಂಧವಿಲ್ಲ. ದಿನದ ಮಾತಿಗೆ ಸರಿ. ಲ್ಯಾಬಿನಲ್ಲಿ ಮಾತ್ರ ಅರ್ಥ ಪೂರ್ತಿ ಉಲ್ಟಾ.

ಎರಡು ಸಿಂಟಿಲೇಟರ್ (ಕಣ ತೂರಿ ಹೋದರೆ ಮಿನುಗುವ ವಸ್ತು) ಹಲಗೆಗಳನ್ನು ಒಂದರ ಮೇಲೊಂದು ಇಡುತ್ತೇವೆ. ಆಕಾಶದಿಂದ ಬಂದ ಮ್ಯೂಯಾನ್ ಅನ್ನುವ ಕಣ ಎರಡನ್ನೂ ತೂರಿ ಹೋದರೆ ಎರಡೂ ಮಿನುಗುತ್ತವೆ. ಆ ಬೆಳಕನ್ನು ಫೋಟೋಮಲ್ಟಿಪ್ಲಯರ್ ಕೊಳವೆ ವಿದ್ಯುತ್ತಿನ ಮಿಡಿತವಾಗಿ ಕೊಡುತ್ತದೆ. ತೊಂದರೆ ಏನೆಂದರೆ, ಯಾವ ಕಣವೂ ಬರದಿದ್ದಾಗಲೂ ಈ ಕೊಳವೆ ತನ್ನ ಪಾಡಿಗೆ ಮಿಡಿಯುತ್ತಿರುತ್ತದೆ. ಹಾಗಾಗಿ ಒಂದೇ ಹಲಗೆಯ ಮಾತು ನಂಬುವ ಹಾಗಿಲ್ಲ. ಎರಡೂ, ಉದಾಹರಣೆಗೆ, 100 ನ್ಯಾನೊಸೆಕೆಂಡಿನೊಳಗೆ ಮಿಡಿದರೆ ಮಾತ್ರ ಲೆಕ್ಕಕ್ಕೆ. ಅದೇ ಕೋಇನ್ಸಿಡೆನ್ಸ್. ಅಂದರೆ ಇದು ಆಕಸ್ಮಿಕ ಅಲ್ಲ, ಒಂದೇ ಕಣದ ಕೆಲಸ ಅನ್ನುವುದಕ್ಕೆ ಸಾಕ್ಷಿ. ಭೌತವಿಜ್ಞಾನಿ ವಾಲ್ಟರ್ ಬೋಟೆಗೆ 1954ರಲ್ಲಿ ನೊಬೆಲ್ ಸಿಕ್ಕಿದ್ದೂ ಈ ವಿಧಾನಕ್ಕೆ ಮತ್ತು ಇದರಿಂದ ಕಂಡುಕೊಂಡ ಸಂಗತಿಗಳಿಗೆ.

ಇನ್ನೂ ಒಂದು ಫಜೀತಿ ಇದೆ. ಎರಡು ಸುಳ್ಳು ಮಿಡಿತಗಳು ಕೆಲವೊಮ್ಮೆ ಸುಮ್ನೆ ಒಟ್ಟಿಗೆ ಬಂದುಬಿಡುತ್ತವೆ. ಒಂದೊಂದು ಹಲಗೆ ಸೆಕೆಂಡಿಗೆ 1000 ಸಲ ಸುಳ್ಳು ಮಿಡಿದರೆ, ಅದೇ 100 ನ್ಯಾನೊಸೆಕೆಂಡಿನ ಲೆಕ್ಕದಲ್ಲಿ ನಿಮಿಷಕ್ಕೆ ಸುಮಾರು 12 ಸುಳ್ಳು ಜೋಡಿ. 100 ಚದರ ಸೆಂಟಿಮೀಟರಿನ ಹಲಗೆಗೆ ನಿಮಿಷಕ್ಕೆ ಬೀಳುವ ನಿಜವಾದ ಮ್ಯೂಯಾನ್‌ಗಳೇ ಸುಮಾರು 100, ಹಾಗಾಗಿ 12 ಕಡಿಮೆಯೇನಲ್ಲ. ಮೂರನೆಯ ಹಲಗೆ ಸೇರಿಸಿದರೆ ಮೂರೂ ಸುಳ್ಳಾಗಿ ಒಟ್ಟಿಗೆ ಮಿಡಿಯುವುದನ್ನು ನೋಡಲು ಗಂಟೆಗಟ್ಟಲೆ ಕಾಯಬೇಕು. ಈ ಸುಳ್ಳು ಜೋಡಿಗೆ ಲ್ಯಾಬಿನಲ್ಲಿ 'ಆಕ್ಸಿಡೆಂಟಲ್ ಕೋಇನ್ಸಿಡೆನ್ಸ್' ಅನ್ನುತ್ತೇವೆ. ನಿಘಂಟನ್ನೇ ನಂಬಿದರೆ ಇದು 'ಆಕಸ್ಮಿಕ ಕಾಕತಾಳೀಯ' ಆಗುತ್ತದೆ, ಅಲ್ವಾ? ನಿಜಕ್ಕೂ ಕಾಕತಾಳೀಯ ಅನ್ನಬೇಕಾದದ್ದು ಇದೊಂದನ್ನೇ.

'ಏಕಕಾಲಿಕತೆ' ನೋಡಿದೆ. ಸಮಯವನ್ನಷ್ಟೇ ಹೇಳುತ್ತದೆ, ಬಾಯಿಗೂ ಭಾರ. 'ಸಹಘಟನೆ' ಚೆನ್ನಾಗಿದೆ ಅನ್ನಿಸಿತ್ತು. ಆದರೆ ಕೈಪಿಡಿಯಲ್ಲಿ ಈವೆಂಟ್‌ಗೆ 'ಘಟನೆ' ಅಂತ ಆಗಲೇ ಬಳಸಿದ್ದೇನೆ. ಇಲ್ಲಿ ಘಟನೆ ಒಂದೇ, ಮಿಡಿತ ಎರಡು. ಆ ಲೆಕ್ಕದಲ್ಲಿ 'ಜೊತೆಮಿಡಿತ' ಅಂದರೆ ಹೇಗೆ? 'ಮೂರು ಹಲಗೆಯ ಜೊತೆಮಿಡಿತ', 'ಕಾಕತಾಳೀಯ ಜೊತೆಮಿಡಿತ' ಎರಡೂ ಸಲೀಸಾಗಿ ಬರುತ್ತವೆ. ನನಗಂತೂ ಹಿಡಿಸಿದೆ.

ಎಡವುವುದು 'ಆಂಟಿಕೋಇನ್ಸಿಡೆನ್ಸ್' ಬಂದಾಗ. ಅಲ್ಲಿ ಡಿಟೆಕ್ಟರಿನ ಸುತ್ತ ಕಾವಲಿಗೆ ಹಲಗೆಗಳಿರುತ್ತವೆ. ಒಳಗಿನ ಡಿಟೆಕ್ಟರಿನ ಜೊತೆ ಕಾವಲು ಹಲಗೆಯೂ ಮಿಡಿದರೆ, ಕಣ ಹೊರಗಿನದು ಅಂತ ಆ ಘಟನೆಯನ್ನು ಕೈಬಿಡುತ್ತೇವೆ. ಇಲ್ಲಿ ಜೊತೆ ಮಿಡಿಯಬಾರದು ಅನ್ನುವುದೇ ಷರತ್ತು. 'ಜೊತೆಮಿಡಿತ'ದ ಮುಂದೆ 'ಅ' ಅಂಟಿಸಿದರೆ ಕಿವಿಗೆ ಹಿಡಿಸದು. 'ಒಂಟಿಮಿಡಿತ' ಅನ್ನಬಹುದೇ? ಅಥವಾ ಒಂದೇ ಹಲಗೆ ಇಟ್ಟು ಎಣಿಸುವುದಕ್ಕೂ ಅದೇ ಪದ ಬೇಕಾಗಿ ಗೊಂದಲವಾಗುತ್ತದೆಯೇ?