ಕ್ವಾಂಟಂ ಗುರುತ್ವಮಾಪಕ ಕೊಡಗಿನ ಗುಡ್ಡ ಹತ್ತುವುದು ಎಂದು?

ಪ್ರಶ್ನೆ (ಮಡಿಕೇರಿಯ ಬೆಳೆಗಾರ):
2018ರ ಆಗಸ್ಟ್‌ನಲ್ಲಿ ನಮ್ಮ ತೋಟದ ಮೇಲಿನ ಬರೆ (ಗುಡ್ಡದ ಕಡಿದಾದ ಇಳಿಜಾರು) ಕುಸಿದು, ಕಾಫಿ ಗಿಡಗಳೂ ಮೆಣಸಿನ ಬಳ್ಳಿ ಹಬ್ಬಿದ್ದ ಸಿಲ್ವರ್ ಓಕ್ ಮರಗಳೂ ಒಂದೇ ರಾತ್ರಿಯಲ್ಲಿ ಹೊಳೆ ಸೇರಿದವು. ನೆಲದೊಳಗೆ ನೀರು ತುಂಬುವುದನ್ನು ಅಗೆಯದೆಯೇ ಅಳೆಯಬಲ್ಲ ಕ್ವಾಂಟಂ ಉಪಕರಣವು ಪ್ರಯೋಗಾಲಯದಿಂದ ಹೊರಬಂದಿದೆಯೇ?

ಉತ್ತರ (ಭೌತಶಾಸ್ತ್ರ ಉಪನ್ಯಾಸಕಿ, ವಿರಾಜಪೇಟೆ):
ಹೊಸ್ತಿಲು ದಾಟಿದೆ, ಗುಡ್ಡ ಹತ್ತಿಲ್ಲ. ನೆಲದೊಳಗೆ ನೀರು ತುಂಬಿದರೂ ಟೊಳ್ಳಿದ್ದರೂ ಅಲ್ಲಿನ ಗುರುತ್ವ ತುಸು ಬದಲಾಗುತ್ತದೆ. ಲೇಸರಿನಿಂದ ತಣಿಸಿದ ರುಬಿಡಿಯಂ ಪರಮಾಣುಗಳನ್ನು ನಿರ್ವಾತದಲ್ಲಿ ಬೀಳಬಿಟ್ಟು, ಅವುಗಳ ಅಲೆಗುಣದ ಮೂಲಕ ಗುರುತ್ವದ ಅತಿಸೂಕ್ಷ್ಮ ವ್ಯತ್ಯಾಸವನ್ನು ಅಳೆಯುವ ಸಾಧನದಿಂದ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ತಂಡವು ರಸ್ತೆಯಡಿಯ ಸುರಂಗವೊಂದನ್ನು ಗುರುತಿಸಿದ ವರದಿ 2022ರಲ್ಲಿ ಪ್ರಕಟವಾಯಿತು. ಒಂದರ ಮೇಲೊಂದರಂತೆ ಎರಡು ಪರಮಾಣು ಮೋಡಗಳನ್ನು ಇಟ್ಟು ವ್ಯತ್ಯಾಸವನ್ನಷ್ಟೇ ಓದಿದ್ದರಿಂದ, ನೆಲದ ಕಂಪನವು ಎರಡರಲ್ಲೂ ಸಮನಾಗಿ ಬಂದು ಕಳೆದುಹೋಯಿತು. ನನ್ನ ಮಟ್ಟಿಗೆ ನಿಜವಾದ ಜಾಣ್ಮೆ ಇರುವುದು ಇಲ್ಲಿಯೇ. ಆದರೆ ಸುರಂಗವು ಖಾಲಿ ಜಾಗ, ನಮ್ಮ ಬರೆಯೊಳಗಿನ ನೀರು ಮಣ್ಣಿನಲ್ಲಿ ಹರಡಿಕೊಂಡಿರುವುದರಿಂದ ಅದರ ಗುರುತು ತೀರಾ ಮಸುಕು.

ಉತ್ತರ (ಎಂಜಿನಿಯರ್, ಮೂಲತಃ ಗೋಣಿಕೊಪ್ಪ):
2023ರಲ್ಲಿ ಒಪ್ಪಿಗೆ ಪಡೆದ 6,003.65 ಕೋಟಿ ರೂಪಾಯಿಗಳ ಕೇಂದ್ರ ಸರ್ಕಾರದ ರಾಷ್ಟ್ರೀಯ ಕ್ವಾಂಟಂ ಮಿಷನ್‌ನಲ್ಲಿ ಇಂಥ ಸಂವೇದಕಗಳ (ಅಳೆಯುವ ಸಾಧನಗಳ) ಕೇಂದ್ರವು ಐಐಟಿ ಬಾಂಬೆಯಲ್ಲಿದೆ. ಲೇಸರ್, ನಿರ್ವಾತ ಪಂಪು, ತಾಪಮಾನ ನಿಯಂತ್ರಣ ಇವೆಲ್ಲವೂ ಆಟಿ ತಿಂಗಳ ಮಳೆಯಲ್ಲಿ, ಅದೂ ಮೂರು ದಿನ ಕರೆಂಟ್ ಇಲ್ಲದಾಗ, ಕೆಲಸ ಮಾಡಬೇಕಲ್ಲ! ಸದ್ಯಕ್ಕೆ ಮಳೆಮಾಪಕವನ್ನೂ ಬರೆಯ ಬಿರುಕನ್ನೂ ದಿನವೂ ನೋಡುತ್ತಿರಿ.