‘ಡ್ರೈವ್‌ನಿಂದ ಶುರು ಮಾಡಿ’ ಅಂದರೆ ಏನು? ಬೂಟ್ ಪದದ ಬಗ್ಗೆ ಒಂದು ಪ್ರಶ್ನೆ

ಎಲ್ಲರಿಗೂ ನಮಸ್ಕಾರ.

ಒಂದು ಪದಕ್ಕೆ, ಅದಕ್ಕಿಂತ ಜಾಸ್ತಿ ಒಂದು ವಿಭಕ್ತಿಗೆ, ನಿಮ್ಮ ಸಹಾಯ ಬೇಕು.

ತರೀಕೆರೆ ಹತ್ತಿರ ತೋಟದ ಮನೆಯಲ್ಲಿರುವ ಅಪ್ಪನ ಬಳಿ 2012ರ ಲ್ಯಾಪ್‌ಟಾಪ್ ಒಂದಿದೆ. ಒಳಗಿನ ಹಾರ್ಡ್ ಡಿಸ್ಕ್ ಸೋತಿದೆ. ಆನ್ ಮಾಡಿದರೆ ಕಾಲು ಗಂಟೆ ಸುತ್ತುತ್ತಾ ಕೂರುತ್ತದೆ. ಪೇಟೆಗೆ ಒಯ್ದು ಹೊಸ ಡಿಸ್ಕ್ ಹಾಕಿಸುವವರೆಗೆ ಕೆಲಸ ನಿಲ್ಲಬಾರದು ಅಂತ, ಹೊರಗಿನಿಂದ ಸಿಕ್ಕಿಸುವ ಒಂದು ಡ್ರೈವ್‌ಗೆ (ಎಕ್ಸ್‌ಟರ್ನಲ್ ಎಸ್‌ಎಸ್‌ಡಿ) ವಿಂಡೋಸ್ ಬದಲು ಬಳಸಬಹುದಾದ ಲಿನಕ್ಸ್ ಮಿಂಟ್ ಹಾಕಿ ಕಳಿಸಿದೆ. ಜೊತೆಗೆ ಕನ್ನಡದಲ್ಲಿ ಒಂದು ಪುಟ ಬರೆದಿಟ್ಟೆ. ಮೊದಲ ಸಾಲು ಹೀಗಿತ್ತು: ‘ಲ್ಯಾಪ್‌ಟಾಪನ್ನು ಹೊರಗಿನ ಡ್ರೈವ್‌ನಿಂದ ಶುರು ಮಾಡಿ.’

ಸಂಜೆ ಅಪ್ಪನ ಫೋನ್ ಬಂತು. ಹಳೆಯ ವಿಂಡೋಸೇ ಬಂದು ಕೂತಿದೆ ಅಂದರು. ‘ಡ್ರೈವ್‌ನಿಂದ ಶುರು ಮಾಡಿದ್ರಾ?’ ಅಂತ ಕೇಳಿದೆ. ‘ಹೂಂ, ಡ್ರೈವ್‌ನಿಂದಲೇ ಶುರು ಮಾಡಿದೆ. ಮೊದಲು ಅದನ್ನ ಚುಚ್ಚಿದೆ, ಆಮೇಲೆ ಲ್ಯಾಪ್‌ಟಾಪ್ ಆನ್ ಮಾಡಿದೆ’ ಅಂದರು.

ಅವರು ಓದಿದ್ದು ಸರಿಯಾಗಿಯೇ ಇದೆ. ‘ಮೊದಲ ಪಾಠದಿಂದ ಶುರು ಮಾಡಿ’, ‘ಸೋಮವಾರದಿಂದ ಶುರು’ ಅಂತೀವಲ್ಲ, ಹಾಗೆ ಓದಿದ್ದಾರೆ. ನಮ್ಮ ‘ಇಂದ’ ಬಹಳ ಕೆಲಸ ಹೊತ್ತಿರುವ ಪ್ರತ್ಯಯ. ‘ಕತ್ತಿಯಿಂದ ಕೊಯ್ದೆ’ ಅಂದರೆ ಸಾಧನ. ‘ಊರಿಂದ ಬಂದೆ’ ಅಂದರೆ ಹೊರಟ ಜಾಗ. ‘ಮಳೆಯಿಂದ ಬೆಳೆ ಹೋಯಿತು’ ಅಂದರೆ ಕಾರಣ. ಶಾಲೆಯ ವ್ಯಾಕರಣದಲ್ಲಿ ತೃತೀಯಾಕ್ಕೆ ‘ಇಂದ’, ಪಂಚಮಿಗೆ ‘ದೆಸೆಯಿಂದ’ ಅಂತ ಬೇರೆ ಬೇರೆ ಮಾಡಿ ಉರು ಹೊಡೆಸಿದ್ದರು. ಆದರೆ ಮಾತಿನಲ್ಲಿ ‘ದೆಸೆಯಿಂದ’ ಯಾರು ಹೇಳುತ್ತಾರೆ? ಎಲ್ಲವೂ ಒಂದೇ ‘ಇಂದ’ಕ್ಕೆ ಬಂದು ಸೇರುತ್ತದೆ. ಹಾಗಾಗಿ ‘ಹೊರಗಿನ ಡ್ರೈವ್‌ನಿಂದ ಲ್ಯಾಪ್‌ಟಾಪ್ ಶುರುವಾಗಲಿಲ್ಲ’ ಅಂತ ಬರೆದರೆ, ಆ ಡ್ರೈವ್ ಸಿಕ್ಕಿಸಿದ ಕಾರಣಕ್ಕೇ ಲ್ಯಾಪ್‌ಟಾಪ್ ನಿಂತುಹೋಯಿತು ಅಂತಲೂ ಓದಬಹುದು. ಕೆಟ್ಟಾಗ ಏನು ಮಾಡಬೇಕು ಅಂತ ತಿಳಿಸುವ ಪುಟದಲ್ಲಿ ಈ ಗೊಂದಲ ಇರಬಾರದು.

ಇನ್ನು ಕ್ರಿಯಾಪದ. ರಿಪೇರಿ ಅಂಗಡಿಯಲ್ಲಿ ‘ಪವರ್ ಬರ್ತಿದೆ, ಬೂಟ್ ಆಗ್ತಿಲ್ಲ’ ಅನ್ನುತ್ತಾರೆ. ಆನ್ ಆಗುವುದು ಬೇರೆ, ಬೂಟ್ ಆಗುವುದು ಬೇರೆ ಅನ್ನುವುದು ಆ ಮಾತಲ್ಲೇ ಸ್ಪಷ್ಟ. ಗುಂಡಿ ಒತ್ತಿದಾಗ ಮದರ್‌ಬೋರ್ಡ್ ಮೇಲಿನ ಚಿಪ್‌ನಲ್ಲಿರುವ ಪುಟ್ಟ ಪ್ರೋಗ್ರಾಂ ಮೊದಲು ಓಡುತ್ತದೆ. ಮೆಮೊರಿ, ಕೀಬೋರ್ಡ್ ನೋಡಿಕೊಂಡು, ತನ್ನ ಪಟ್ಟಿಯಲ್ಲಿರುವ ಡ್ರೈವ್‌ಗಳನ್ನು ಸಾಲಾಗಿ ತಟ್ಟುತ್ತದೆ. ಬಯಾಸ್ ಅನ್ನುವ ಹಳೆಯ ಪದ್ಧತಿಯಲ್ಲಿ ಅದು ಡ್ರೈವ್‌ನ ಮೊದಲ 512 ಬೈಟ್ ಓದಿ, ಅಲ್ಲಿರುವ ಚಿಕ್ಕ ಪ್ರೋಗ್ರಾಂಗೆ ಕೆಲಸ ಒಪ್ಪಿಸುತ್ತದೆ. ಈ ಚಿಕ್ಕ ಪ್ರೋಗ್ರಾಂ ಉಳಿದದ್ದನ್ನು, ಅಂದರೆ ವಿಂಡೋಸನ್ನೋ ಲಿನಕ್ಸನ್ನೋ, ಎಳೆದು ತರುತ್ತದೆ. ಇದೇ ಬೂಟ್ ಆಗುವುದು. ಅಪ್ಪನ ಪಟ್ಟಿಯಲ್ಲಿ ಒಳಗಿನ ಡಿಸ್ಕ್ ಮೊದಲು ಇತ್ತು, ಅದಕ್ಕೇ ವಿಂಡೋಸ್ ಬಂತು. ಆನ್ ಮಾಡಿದ ಕೂಡಲೇ ಎಫ್12 ಒತ್ತಿ ಹೊರಗಿನದನ್ನು ಆರಿಸಬೇಕಿತ್ತು.

ಇಂಗ್ಲಿಷಿನ ‘ಬೂಟ್’ ನಿಜಕ್ಕೂ ಕಾಲಿನ ಬೂಟೇ. ಬೂಟಿನ ಹಿಂದಿನ ಪಟ್ಟಿ ಹಿಡಿದು ತನ್ನನ್ನು ತಾನೇ ಮೇಲೆತ್ತಿಕೊಳ್ಳುವುದು ಅಂತ ಅವರಲ್ಲಿ ಒಂದು ಮಾತಿದೆ. ಪ್ರೋಗ್ರಾಂ ತುಂಬಿಸಲು ಇನ್ನೊಂದು ಪ್ರೋಗ್ರಾಂ ಬೇಕು, ಹಾಗಾದರೆ ಮೊದಲನೆಯದನ್ನು ತುಂಬಿಸುವುದು ಯಾರು? ಆ ಒಗಟಿಗೆ ಈ ಹೆಸರು ಅಂಟಿತು. 1952ರ ಐಬಿಎಂ 701ರಲ್ಲಿ ಅದಕ್ಕಾಗಿ ‘ಲೋಡ್’ ಅನ್ನುವ ಗುಂಡಿಯೇ ಇತ್ತು. ಅದನ್ನು ಒತ್ತಿದರೆ ಕಾರ್ಡ್, ಟೇಪ್ ಅಥವಾ ಡ್ರಮ್‌ನಿಂದ ಮೊದಲ ಆದೇಶಗಳು ಒಳಗೆ ಬರುತ್ತಿದ್ದವು.

ಕನ್ನಡದಲ್ಲಿ ನಾನು ತೂಗಿ ನೋಡಿದ ಪದಗಳಲ್ಲಿ ‘ಚಾಲನೆ’ ಉದ್ಘಾಟನೆಯ ಸುದ್ದಿಯಂತೆ ಕೇಳುತ್ತದೆ. ‘ಹೊತ್ತಿಸು’ ನನಗೆ ಬಲು ಇಷ್ಟ, ಆದರೆ ‘ಲ್ಯಾಪ್‌ಟಾಪ್ ಹೊತ್ತಿಕೊಂಡಿತು’ ಅಂದರೆ ಬೆಂಕಿ ಬಿತ್ತು ಅಂತಲೇ ಅರ್ಥ. ಉಳಿದದ್ದು ‘ಏಳು, ಎಬ್ಬಿಸು’. ಇದರಲ್ಲಿ ಒಂದು ಒಳ್ಳೆಯ ಗುಣ ಇದೆ. ಮುಚ್ಚಳ ಮುಚ್ಚಿ ಮಲಗಿಸಿದ ಲ್ಯಾಪ್‌ಟಾಪ್ ಮತ್ತೆ ತೆರೆದಾಗ ಆಗುವುದು ‘ಎಚ್ಚರ’. ಪೂರ್ತಿ ಆಫ್ ಮಾಡಿದ್ದು ಮೊದಲಿಂದ ಬರುವುದು ‘ಏಳುವುದು’. ‘ಎಚ್ಚರ ಆಗಿದೆ, ಇನ್ನೂ ಎದ್ದಿಲ್ಲ’ ಅಂತ ಬೆಳಗ್ಗೆ ಮಕ್ಕಳ ಬಗ್ಗೆ ಹೇಳುವಾಗ ನಾವು ಈ ವ್ಯತ್ಯಾಸ ಮಾಡಿಯೇ ಮಾಡುತ್ತೇವೆ. ಹಾಗಂತ ‘ಬೂಟ್’ ಅನ್ನು ಪುಟದಿಂದ ಪೂರ್ತಿ ತೆಗೆಯಲಾರೆ. ಪರದೆಯ ಮೇಲೆ ‘ಬೂಟ್ ಮೆನು’ ಅಂತ ಬರುತ್ತದೆ. ಓದುವವರು ಅದನ್ನು ಗುರುತಿಸಲೇಬೇಕು.

ವಿಭಕ್ತಿಯ ದಾರಿ ತೋರಿಸಿದ್ದು ಅಪ್ಪನೇ. ಪಟ್ಟಿ, ಎಫ್12 ಎಲ್ಲ ವಿವರಿಸಿದ ಮೇಲೆ ಕೇಳಿದರು: ‘ಅಂದ್ರೆ ನಮ್ಮ ಹಳೇ ಪಂಪ್‌ಸೆಟ್ ಪೆಟ್ರೋಲಲ್ಲಿ ಸ್ಟಾರ್ಟ್ ಮಾಡ್ತಿದ್ವಲ್ಲ, ಹಾಗೆ ಇದನ್ನ ಆ ಡ್ರೈವಲ್ಲಿ ಸ್ಟಾರ್ಟ್ ಮಾಡ್ಬೇಕು, ಅಲ್ವಾ?’ ಆ ಪಂಪ್‌ಸೆಟ್ ಸೀಮೆಎಣ್ಣೆಯದು. ತಣ್ಣಗಿದ್ದಾಗ ಸೀಮೆಎಣ್ಣೆ ಸರಿಯಾಗಿ ಆವಿಯಾಗುವುದಿಲ್ಲ. ಅದಕ್ಕೆ ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡಿ, ಎಂಜಿನ್ ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸುತ್ತಿದ್ದರು. ಒಂದೇ ಯಂತ್ರ, ಎರಡು ಮೂಲ, ಯಾವುದರಲ್ಲಿ ಅನ್ನುವ ಆಯ್ಕೆ ನಮ್ಮದು. ಆ ಆಯ್ಕೆಯನ್ನು ಅಪ್ಪ ‘ಅಲ್ಲಿ’ ಹಚ್ಚಿ ಹೇಳಿದರು. ‘ಡ್ರೈವ್‌ನಲ್ಲಿ ಸ್ಟಾರ್ಟ್ ಮಾಡಿ’ ಅಂದಾಗ ‘ಮೊದಲು ಡ್ರೈವ್’ ಅನ್ನುವ ಅರ್ಥ ಬರುವುದಿಲ್ಲ, ‘ಡ್ರೈವ್‌ನ ಕಾರಣಕ್ಕೆ’ ಅನ್ನುವುದೂ ಬರುವುದಿಲ್ಲ.

ಸಾಲನ್ನು ಹೀಗೆ ತಿದ್ದಿದ್ದೇನೆ: ‘ಒಳಗಿನ ಡಿಸ್ಕ್ ಬಿಟ್ಟು, ಹೊರಗಿನ ಡ್ರೈವ್‌ನಲ್ಲಿ ಲ್ಯಾಪ್‌ಟಾಪ್ ಎಬ್ಬಿಸಿ. ಇದಕ್ಕೆ ಬೂಟ್ ಮಾಡುವುದು ಅನ್ನುತ್ತಾರೆ.’

ಈಗ ನನ್ನ ಪ್ರಶ್ನೆಗಳು. ‘ಸ್ಟಾರ್ಟ್ ಮಾಡು’ ಜೊತೆ ‘ಅಲ್ಲಿ’ ಸಲೀಸಾಗಿ ಕೂರುತ್ತದೆ, ‘ಎಬ್ಬಿಸು’ ಜೊತೆಗೂ ಕೂರುತ್ತದೆಯೇ? ಅಥವಾ ಡ್ರೈವ್ ಒಳಗೆ ಮಲಗಿರುವ ಲ್ಯಾಪ್‌ಟಾಪನ್ನು ಎಬ್ಬಿಸಿದಂತೆ ಕೇಳುತ್ತದೆಯೇ? ಧಾರವಾಡದ ಕಡೆಯವರು ‘ಚಾಲೂ ಮಾಡು’ ಜೊತೆ ಇಲ್ಲಿ ಯಾವ ಪ್ರತ್ಯಯ ಹಚ್ಚುತ್ತೀರಿ? ಕರಾವಳಿಯವರು? ನಿಮ್ಮ ಮನೆಯ ಹಿರಿಯರು ಪಂಪ್‌ಸೆಟ್ ಬಗ್ಗೆ ಹೇಗೆ ಹೇಳುತ್ತಿದ್ದರು ಅಂತ ನೆನಪಿದ್ದರೆ ಅದನ್ನೂ ಅವರ ಮಾತಿನಲ್ಲೇ ಬರೆಯಿರಿ.